ನೆಲೆ ಕಚೇರಿಯ ದುಭಾಷಿ

ನಮ್ಮೂರಲ್ಲಿ ಅಮಾವಾಸ್ಯೆಯ ಮಾರನೆಯ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲು ಎಲ್ಲರೂ ಚಿಲಕದ ಮೇಲೆ ಕೈಯಿಟ್ಟು ಒಂದು ಗಳಿಗೆ ನಿಲ್ಲುತ್ತಾರೆ. ಎದುರಿಗೆ ಯಾರ ಮನೆ ಬಂದಿದೆಯೋ, ಪಕ್ಕಕ್ಕೆ ಯಾರೋ, ಬಚ್ಚಲ ನೀರು ಈ ತಿಂಗಳು ಯಾರ ಅಂಗಳಕ್ಕೆ ಹರಿಯುತ್ತದೋ ಎಂದು ಯೋಚಿಸುವ ಗಳಿಗೆ ಅದು. ಮನೆಗಳು ಜಾಗ ಬದಲಿಸುವುದನ್ನು ಕಣ್ಣಾರೆ ಕಂಡವರಿಲ್ಲ. ನೋಡಿಯೇ ತೀರುತ್ತೇನೆಂದು ಕೂತವರಿಗೂ ಸರಿಯಾಗಿ ಆ ಹೊತ್ತಿಗೆ ಜೊಂಪು ಹತ್ತುತ್ತದೆ. ಬೆಳಗಾದರೆ ಒಲೆಯ ಮೇಲಿನ ಹಾಲು ಕೂಡ ತುಳುಕಿರುವುದಿಲ್ಲ. ಬಾವಿ, ಶಾಲೆ, ಪೇಟೆ, ಆಸ್ಪತ್ರೆ, ನಮ್ಮ ನೆಲೆ ಕಚೇರಿ, ಇವು ಇದ್ದಲ್ಲೇ ಇರುತ್ತವೆ. ಜನ ಮಲಗಿ ಏಳುವ ಮನೆ ಮಾತ್ರ ಹೊರಡುತ್ತದೆ.

ಹೊಸ ಪಕ್ಕದವರಿಗೆ ಮೊದಲ ದಿನ ಒಂದು ಬಟ್ಟಲು ಮೊಸರು ಕೊಡುವುದು ನಮ್ಮ ಪದ್ಧತಿ. ಇಸಕೊಂಡ ಏಣಿ, ಇಡ್ಲಿ ಪಾತ್ರೆ, ಒರಳುಗುಂಡು ಎಲ್ಲ ಅಮಾವಾಸ್ಯೆಯ ಹಿಂದಿನ ಸಂಜೆಯೊಳಗೆ ವಾಪಸಾಗಬೇಕು. ಪಕ್ಕದವರ ಜೊತೆ ಜಗಳವಾದರೆ "ಇನ್ನು ಹನ್ನೊಂದು ದಿನ ತಡಕೊಂಡರೆ ಆಯ್ತು" ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ಒಳ್ಳೆಯವರು ಬಂದರೂ ಅಷ್ಟೇ ದಿನ. ಹಾಗಾಗಿ ಯಾರೂ ಯಾರನ್ನೂ ಬಹಳ ಹಚ್ಚಿಕೊಳ್ಳುವುದಿಲ್ಲ. ಅಕ್ಕ ತಂಗಿ, ಮಗಳು ಅಳಿಯ ಅಂತ ಹುಡುಕಿಕೊಂಡು ಹೋಗುತ್ತಾರೆ. ಬರೀ ಒಂದು ತಿಂಗಳು ಪಕ್ಕದಲ್ಲಿದ್ದವರನ್ನು ಹುಡುಕಿಕೊಂಡು ಹೋದರೆ ನಗುತ್ತಾರೆ. "ಇವಳಿಗೇನು, ತಿಂಗಳು ಮುಗಿದಿದ್ದೇ ಗೊತ್ತಾಗಲಿಲ್ವಾ?" ಅನ್ನುತ್ತಾರೆ.

ನಾನು ಮತ್ತು ಸಾವಂತ್ರಮ್ಮ ಹಾಗೆ ನಗಿಸಿಕೊಂಡವರು. ಅವಳ ಮನೆ ನನ್ನ ಮನೆಯ ಪಕ್ಕಕ್ಕೆ ಮೂರು ಸಲ ಬಂದಿತ್ತು. ನನಗೆ ಇಪ್ಪತ್ತಾರು ವರ್ಷವಿದ್ದಾಗ ಒಮ್ಮೆ, ನನ್ನ ಯಜಮಾನರು ತೀರಿಕೊಂಡ ವರ್ಷ ಒಮ್ಮೆ, ಮೂರು ವರ್ಷದ ಹಿಂದೆ ಒಮ್ಮೆ. ನಾಲ್ಕು ಸಾವಿರ ಮನೆಯ ಊರಲ್ಲಿ ಮೂರು ಸಲ ಎನ್ನುವುದು ಸಣ್ಣ ಮಾತಲ್ಲ. ಮೂರನೇ ಸಲ ಮೊಸರಿನ ಬಟ್ಟಲು ಹಿಡಿದು ಬಂದವಳು ಹೊಸ್ತಿಲಲ್ಲೇ ನಿಂತು, "ಇನ್ನೊಂದು ಸಲ ಬರೋ ಹೊತ್ತಿಗೆ ನಾವಿಬ್ಬರೂ ಇರ್ತೀವೇನೇ ದೇವೀರಿ?" ಎಂದಳು. ಆಮೇಲೆ ತಾನೇ ತೀರ್ಮಾನ ಮಾಡಿದಳು. ಗುರುವಾರ ನನಗೆ ರಜೆ. ಮನೆಗಳು ಎಲ್ಲಿ ಬೇಕಾದರೂ ಇರಲಿ, ಗುರುವಾರ ಮಧ್ಯಾಹ್ನ ಅವಳು ಕೌದಿ ಹೊಲಿಗೆ ತೆಗೆದುಕೊಂಡು ನನ್ನ ಮನೆಗೆ ಬರುವುದು.

ಅವಳೇ ಬರಬೇಕಿತ್ತು, ನಾನು ಹೋಗುವ ಹಾಗಿರಲಿಲ್ಲ. ನೆಲೆ ಕಚೇರಿಯಲ್ಲಿ ಕೆಲಸ ಮಾಡುವವರು ಸೇರುವ ದಿನವೇ ದಫ್ತರಿನ ಮೇಲೆ ಕೈಯಿಟ್ಟು ಪ್ರಮಾಣ ಮಾಡುತ್ತಾರೆ: ನನಗೋಸ್ಕರ ಯಾರ ಮನೆಯನ್ನೂ ಹುಡುಕುವುದಿಲ್ಲ, ಇನ್ನೊಬ್ಬರ ಬಾಯಲ್ಲಿ ಕೇಳಿಸುವುದೂ ಇಲ್ಲ. ಊರಲ್ಲಿ ಯಾರ ಮನೆ ಎಲ್ಲಿದೆ ಎಂಬ ಗುಟ್ಟೆಲ್ಲ ನಮ್ಮ ಕೈಯಲ್ಲಿರುವುದರಿಂದ ಈ ಕಟ್ಟು. ನಮ್ಮನ್ನು ಬೇರೆಯವರು ಹುಡುಕಿಕೊಂಡು ಬರಬಹುದು. ಬರದಿದ್ದರೆ ಸುಮ್ಮನಿರಬೇಕು.

ನಾನು ಆ ಕಚೇರಿಗೆ ಕಸ ಗುಡಿಸಿ ನೀರು ಕೊಡಲು ಸೇರಿದವಳು. ಅಮಾವಾಸ್ಯೆ ಕಳೆದ ದಿನ ನಾಲ್ಕು ಜನ ನೋಡಾಳುಗಳು ಬೀದಿ ಬೀದಿ ತಿರುಗಿ, ಯಾವ ಮನೆ ಎಲ್ಲಿದೆಯೆಂದು ಬರೆದುಕೊಂಡು ಬರುತ್ತಿದ್ದರು. ಕಿಟಕಿಯ ಮುಂದೆ ಜನ ಸಾಲುಗಟ್ಟುತ್ತಿದ್ದರು. ಗುಮಾಸ್ತರು ದಫ್ತರು ತಿರುವಿ ಹೇಳುತ್ತಿದ್ದರು. ನನಗೆ ಅಕ್ಷರ ಬರುತ್ತಿರಲಿಲ್ಲ. ನಲವತ್ತೆಂಟಕ್ಕೆ ರಾತ್ರಿ ಶಾಲೆಗೆ ಸೇರಿದೆ. ಅಕ್ಷರ ಆಯಿತು, ಲೆಕ್ಕ ಆಯಿತು, ಹತ್ತನೇ ಇಯತ್ತೆ ಆಯಿತು. ಐವತ್ತೊಂಬತ್ತಕ್ಕೆ ಜಿನದತ್ತ ಮೇಷ್ಟ್ರು ಕಂಪ್ಯೂಟರ್ ತರಗತಿ ಶುರು ಮಾಡಿದಾಗ ಅಲ್ಲೂ ಹೋಗಿ ಕೂತೆ. ಹೋಗದೆ ಮನೆಯಲ್ಲಿ ಮಾಡುವುದೇನಿತ್ತು?

ಅದಾಗಿ ನಾಲ್ಕು ವರ್ಷಕ್ಕೆ, ಜನ ತಮ್ಮ ಮೊಬೈಲಿನಿಂದಲೇ ಮನೆ ಕೇಳುವಂತಾಗಬೇಕು ಎಂದು ಮೇಲಿನಿಂದ ಆದೇಶ ಬಂದಾಗ ಕಚೇರಿಯಲ್ಲಿ ಯಾರೂ ಕೈ ಎತ್ತಲಿಲ್ಲ. ನಾನು ಎತ್ತಿದೆ. ನಮ್ಮ ಹಿರಿಯ ಗುಮಾಸ್ತರು ಹಾಲಪ್ಪನವರು, "ದೇವೀರಮ್ಮ, ನೀರು ಬೇಕಾ ಅಂತ ಕೇಳೋಕೆ ಕೈ ಎತ್ತಿದ್ರಾ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಕೈ ಇಳಿಸಲಿಲ್ಲ.

ಒಂದೂವರೆ ವರ್ಷ ಹಿಡಿಯಿತು. ಮೇಷ್ಟ್ರು ಹೇಳಿಕೊಟ್ಟಿದ್ದು ನನಗೆ ಹೀಗೆ ಅರ್ಥವಾಗಿತ್ತು. ಹಳೆಯ ದಫ್ತರಿನ ಜಾಗದಲ್ಲಿ ಡೇಟಾಬೇಸು, ಅದರೊಳಗೆ ಟೇಬಲ್ಲುಗಳು: ಮನೆಗಳದೊಂದು, ಜಾಗಗಳದೊಂದು. ಹಳೆಯ ಕಿಟಕಿಯ ಜಾಗದಲ್ಲಿ ಎಪಿಐ. ಹೊರಗಿನಿಂದ ಪ್ರಶ್ನೆ ಬರುವುದೂ ಅಲ್ಲಿಂದಲೇ, ಉತ್ತರ ಹೋಗುವುದೂ ಅಲ್ಲಿಂದಲೇ. ಟೇಬಲ್ಲಿನ ಭಾಷೆ ಬೇರೆ, ನಾವು ಬರೆಯುವ ಪ್ರೋಗ್ರಾಮಿನ ಭಾಷೆ ಬೇರೆ. ಅವೆರಡರ ನಡುವೆ ನಿಂತು ಆ ಮಾತನ್ನು ಈ ಮಾತಿಗೆ ತಿರುಗಿಸುವುದಕ್ಕೆ ಓಆರ್‌ಎಂ ಎಂದು ಹೆಸರು. ನಾನು ಅದನ್ನು ದುಭಾಷಿ ಎಂದೇ ಕರೆಯುತ್ತಿದ್ದೆ. ನಾನು "ಮನೆ" ಎಂದು ಬರೆದರೆ ಅವನು ಟೇಬಲ್ಲಿಗೆ ಹೋಗಿ ಆ ಸಾಲನ್ನು ಎತ್ತಿ, ಮನೆಯನ್ನೇ ತಂದು ನನ್ನ ಅಂಗೈಯಲ್ಲಿಟ್ಟ ಹಾಗೆ ಇಡುತ್ತಿದ್ದ. "ಮನೆಯ ಜಾಗ" ಎಂದರೆ ಅದೂ ಬರುತ್ತಿತ್ತು. ಮೊದಲ ಸಲ ಬಂದಾಗ ನನ್ನ ಕಣ್ಣಲ್ಲಿ ನೀರು ಬಂತು. ಹತ್ತಿರ ಹೇಳಿಕೊಳ್ಳುವವರು ಯಾರೂ ಇರಲಿಲ್ಲ, ಗುರುವಾರದವರೆಗೆ ಕಾದು ಸಾವಂತ್ರಮ್ಮನಿಗೆ ಹೇಳಿದೆ.

ದುಭಾಷಿಯನ್ನು ಟೇಬಲ್ಲಿನ ಹತ್ತಿರ ಕಳಿಸಲು ಮೊದಲು ಒಂದು ಸೆಷನ್ ತೆರೆಯಬೇಕು, ಕೆಲಸವಾದ ಮೇಲೆ ಮುಚ್ಚಬೇಕು. ಮೇಷ್ಟ್ರು ಇದನ್ನು ಹೇಳಿದ್ದರು. ಆದರೆ ನಾನು ಮೂವತ್ತು ವರ್ಷ ಆ ಕಚೇರಿಯಲ್ಲಿ ದಫ್ತರಿನ ಬೀರುವನ್ನು ದಿನಕ್ಕೆ ನೂರು ಸಲ ತೆರೆದು ಮುಚ್ಚುವುದನ್ನು ಕಂಡವಳು. ಕೀಲು ಸವೆದು ಎರಡು ಬಾಗಿಲು ಬದಲಾಗಿದ್ದವು. ಪ್ರತಿ ಪ್ರಶ್ನೆಗೂ ಯಾಕೆ ತೆರೆದು ಮುಚ್ಚಿ ದಣಿಸಬೇಕು ಅನ್ನಿಸಿತು. ಒಂದೇ ಸೆಷನ್ ತೆರೆದು ಹಾಗೇ ಇಟ್ಟೆ. ಅದು ಚೆನ್ನಾಗಿಯೇ ನಡೆಯಿತು, ಬೇಗಬೇಗ ಉತ್ತರವೂ ಬರುತ್ತಿತ್ತು. ಮೇಷ್ಟ್ರಿಗೆ ತೋರಿಸುವಾಗ ಆ ಸಾಲನ್ನು ತೋರಿಸಲಿಲ್ಲ. ಮುಚ್ಚಿಟ್ಟೆ ಅಂತಲ್ಲ, ತೋರಿಸುವಂಥದ್ದೇನಿದೆ ಅಂದುಕೊಂಡೆ.

ಹುಣ್ಣಿಮೆಗೆ ಒಂದು ವಾರ ಮುಂಚೆ ಕಿಟಕಿ ಮುಚ್ಚಿ ಹೊಸ ವ್ಯವಸ್ಥೆ ಶುರುವಾಯಿತು. ಮೊದಲ ಮೂರು ಗುರುವಾರ ಸಾವಂತ್ರಮ್ಮ ಮೊಬೈಲಿನಲ್ಲೇ ಕೇಳಿಕೊಂಡು ಬಂದಳು. ನನ್ನ ಮನೆ ಎಲ್ಲಿದೆಯೆಂದು ಗೊತ್ತಿದ್ದರೂ ಹೊರಡುವ ಮೊದಲು ಕೇಳುತ್ತಿದ್ದಳಂತೆ. "ಕೇಳಿದ ತಕ್ಷಣ ಹೇಳ್ತಾನೆ ಕಣೆ ನಿನ್ನ ದುಭಾಷಿ. ನನ್ನ ಗಂಡ ಮೂರು ಸಲ ಕರೆದರೂ ಓ ಅಂತಿರಲಿಲ್ಲ" ಎಂದು ನಕ್ಕಳು. ಆಮೇಲೆ ಅಮಾವಾಸ್ಯೆ ಬಂತು. ಮನೆಗಳು ಹೊರಟವು.

ಅದರ ಮುಂದಿನ ಗುರುವಾರ ಅವಳು ಬರಲಿಲ್ಲ. ಅವಲಕ್ಕಿ ಒಗ್ಗರಣೆ ಹಾಕಿಟ್ಟಿದ್ದೆ, ಸಂಜೆಗೆ ಮೆತ್ತಗಾಯಿತು. ಹುಷಾರಿಲ್ಲವೇನೋ ಅಂದುಕೊಂಡೆ. ಎರಡನೇ ಗುರುವಾರವೂ ಬರಲಿಲ್ಲ. ಆ ತಿಂಗಳು ನನ್ನ ಎದುರುಮನೆಯವರು ಬಾಗಿಲು ತೆಗೆಯದ ಜನ, ಪಕ್ಕದಲ್ಲಿ ಖಾಲಿ ಜಾಗ. ಬೀದಿಯಲ್ಲಿ ಹೆಜ್ಜೆ ಸದ್ದಾದರೆ ಎದ್ದು ಹೋಗಿ ನೋಡುತ್ತಿದ್ದೆ. ಮೂರನೇ ಗುರುವಾರ ಎದ್ದು ಹೋಗುವುದನ್ನೂ ಬಿಟ್ಟೆ. ಅವಳಿಗೂ ಸಾಕಾಗಿರಬಹುದು. ಜನ ನಕ್ಕಿದ್ದು ನಾಟಿರಬಹುದು. ಯಾಕೆ ಎಂದು ಕೇಳಲು ನನಗೆ ದಾರಿಯಿರಲಿಲ್ಲ; ವಾರವಾರ ಮುಖ ನೋಡುತ್ತಿದ್ದವರು ನಾವು, ಒಬ್ಬರ ಫೋನ್ ನಂಬರು ಇನ್ನೊಬ್ಬರು ಇಟ್ಟುಕೊಂಡಿರಲಿಲ್ಲ. ನಾಲ್ಕು ಸಾವಿರ ಮನೆಯ ಜಾಗ ನನ್ನ ಬೆರಳ ತುದಿಯಲ್ಲಿತ್ತು, ಒಂದೇ ಒಂದನ್ನು ನೋಡುವ ಹಾಗಿರಲಿಲ್ಲ.

ಅಷ್ಟರಲ್ಲಿ ಕಚೇರಿಗೆ ದೂರುಗಳು ಬರತೊಡಗಿದ್ದವು. ಕೇಳಿದ ಮನೆ ಹೇಳಿದ ಜಾಗದಲ್ಲಿಲ್ಲ ಎಂದು. ಪ್ರತಿ ದೂರಿಗೂ ನಾನು ಟೇಬಲ್ಲು ತೆಗೆದು ನೋಡುತ್ತಿದ್ದೆ. ನೋಡಾಳುಗಳು ತುಂಬಿದ ಹೊಸ ಜಾಗ ಅಲ್ಲಿ ಸರಿಯಾಗಿಯೇ ಇರುತ್ತಿತ್ತು. "ಇಲ್ಲಿ ಸರಿಯಿದೆ ನೋಡಿ, ನೀವೇ ಬೀದಿ ತಪ್ಪಿದ್ದೀರಿ" ಎನ್ನುತ್ತಿದ್ದೆ. ಬಂದವರು ಸರಿಯಾದ ವಿಳಾಸ ಬರೆದುಕೊಂಡು ಗೊಣಗುತ್ತಾ ಹೋಗುತ್ತಿದ್ದರು. ಹೀಗೆ ಅಮಾವಾಸ್ಯೆ ಕಳೆದು ಇಪ್ಪತ್ತೆರಡು ದಿನವಾಯಿತು.

ಇಪ್ಪತ್ತಮೂರನೇ ದಿನ ಚೌಡಮ್ಮ ಎಂಬಾಕೆ ಬಂದರು. ಕಂಕುಳಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಹೋಳಿಗೆ. ಮಗಳ ಮನೆಗೆಂದು ಹೊರಟು ಬೇರೆ ಯಾರದೋ ಮನೆ ಬಾಗಿಲು ತಟ್ಟಿ ಬಂದಿದ್ದರು. ನಾನು ಎಂದಿನಂತೆ ಟೇಬಲ್ಲು ತೆಗೆದು, "ಕೆರೆ ಬೀದಿ ಮೂರು ಅಂತಿದೆ ತಾಯಿ" ಎಂದೆ.

"ಕೆರೆ ಬೀದಿ ಅಂತ ನಿಮ್ಮ ಕಂಪ್ಯೂಟರ್‌ಗೆ ಗೊತ್ತು, ನಿಮಗೆ ಗೊತ್ತು. ನನಗೆ ಹೇಳಿದ್ದು ಕುಂಬಾರ ಸಾಲು ಹದಿನಾಲ್ಕು!"

"ನೀವು ಸರಿಯಾಗಿ ಓದಿಲ್ಲ."

"ಓದಿಲ್ವಾ? ತಗೊಳ್ಳಿ ಇದನ್ನ. ನೀವು ಓದಿದೋರು ತಾನೆ? ನೀವೇ ಕೇಳಿ, ನೀವೇ ಓದಿ." ಮೊಬೈಲನ್ನು ಮೇಜಿನ ಮೇಲೆ ಕುಕ್ಕಿದರು. "ಹೋಳಿಗೆ ತಣ್ಣಗಾದ ಮೇಲೆ ತುಪ್ಪ ಹಾಕಿದರೂ ಅಷ್ಟೇ. ನಾಲ್ಕು ಮನೆ ಅಲೆದಿದ್ದೀನಿ ನಾನು."

ನಾನು ಅವರ ಮೊಬೈಲಿನಲ್ಲಿ ಅವರ ಮಗಳ ಮನೆಯನ್ನು ಕೇಳಿದೆ. ಕುಂಬಾರ ಸಾಲು, ಹದಿನಾಲ್ಕು. ಮತ್ತೆ ಕೇಳಿದೆ. ಅದೇ. ಪಕ್ಕದಲ್ಲೇ ಟೇಬಲ್ಲು ತೆರೆದಿತ್ತು, ಅದರಲ್ಲಿ ಕೆರೆ ಬೀದಿ.  ಇಷ್ಟು ದಿನ ನಾನು ದಫ್ತರನ್ನು ನೋಡುತ್ತಿದ್ದೆ, ಕಿಟಕಿಯಲ್ಲಿ ನಿಂತವರಿಗೆ ದುಭಾಷಿ ಏನು ಹೇಳುತ್ತಿದ್ದಾನೆ ಎಂದು ಒಮ್ಮೆಯೂ ಕಿವಿಗೊಟ್ಟಿರಲಿಲ್ಲ.

ಅವರಿಗೆ ಸರಿಯಾದ ಜಾಗ ಬರೆದುಕೊಟ್ಟೆ. ತಪ್ಪು ನನ್ನದು ಎಂದೆ. ಚೌಡಮ್ಮ ಬುಟ್ಟಿಯಿಂದ ಒಂದು ಹೋಳಿಗೆ ತೆಗೆದು ಮೇಜಿನ ಮೇಲಿಟ್ಟು ಹೋದರು.

ಸಂಜೆಯೊಳಗೆ ತಿಳಿಯಿತು. ಸೆಷನ್ ತೆರೆದಿರುವಷ್ಟು ಹೊತ್ತೂ ದುಭಾಷಿ ಒಮ್ಮೆ ತಂದದ್ದನ್ನು ಮಡಿಲಲ್ಲೇ ಇಟ್ಟುಕೊಂಡಿರುತ್ತಾನೆ. ಅದೇ ಮನೆಯನ್ನು ಮತ್ತೆ ಕೇಳಿದರೆ ಟೇಬಲ್ಲಿಗೆ ಹೋಗುವುದಿಲ್ಲ, ಮಡಿಲಿಂದ ತೆಗೆದು ಕೊಡುತ್ತಾನೆ. ಅದು ಅವನ ತಪ್ಪಲ್ಲ, ಅವನ ಸ್ವಭಾವ. ಮುಚ್ಚಿ ತೆರೆದಿದ್ದರೆ ಮಡಿಲು ಖಾಲಿಯಾಗುತ್ತಿತ್ತು. ಅಮಾವಾಸ್ಯೆಗೆ ಮುಂಚೆ ಯಾರೂ ಕೇಳದ ಮನೆಗಳಿಗೆ ಅವನು ಹೊಸದಾಗಿ ಹೋಗಿ ನೋಡಿ ಬರುತ್ತಿದ್ದ, ಸರಿಯಾಗಿಯೇ ಹೇಳುತ್ತಿದ್ದ. ಯಾವ ಮನೆಯನ್ನು ಜನ ಮೊದಲೇ ಕೇಳಿದ್ದರೋ, ಯಾರಿಗೆ ಬಂದು ಹೋಗುವವರಿದ್ದರೋ, ಅವರೇ ಕಳೆದುಹೋಗಿದ್ದರು. ಊರಲ್ಲಿ ಯಾರಿಗೂ ಬೇಡವಾದವರ ವಿಳಾಸವೆಲ್ಲ ಸರಿಯಿತ್ತು.

ಸರಿ ಮಾಡಲು ಎರಡು ಸಾಲು ಸಾಕಾಯಿತು. ಪ್ರಶ್ನೆ ಬಂದಾಗ ಹೊಸ ಸೆಷನ್ ತೆರೆ, ಉತ್ತರ ಕೊಟ್ಟ ಮೇಲೆ ಮುಚ್ಚು. ಆಮೇಲೆ ತಪ್ಪು ಉತ್ತರ ಹೋದ ಮನೆಗಳ ಪಟ್ಟಿ ತೆಗೆದೆ, ಅದು ನನ್ನ ಕೆಲಸವೇ. ಯಾವ ಮನೆಯನ್ನು ಯಾವತ್ತು ಎಷ್ಟು ಹೊತ್ತಿಗೆ ಕೇಳಿದ್ದರು ಎಂಬುದಷ್ಟೇ ಅದರಲ್ಲಿರುತ್ತದೆ, ಕೇಳಿದವರ ಹೆಸರಿರುವುದಿಲ್ಲ. ಆರುನೂರ ಹನ್ನೆರಡು ಮನೆ. ಒಂದೊಂದಾಗಿ ಇಳಿದು ಬರುತ್ತಾ ಇನ್ನೂರ ಏಳಕ್ಕೆ ನಿಂತೆ. ಅದು ನನ್ನ ಮನೆ. ಅಮಾವಾಸ್ಯೆ ಕಳೆದ ಮೊದಲ ಗುರುವಾರ ಮಧ್ಯಾಹ್ನ ಎರಡು ಸಲ ಕೇಳಿದ್ದರು. ಎರಡನೇ ಗುರುವಾರ ನಾಲ್ಕು ಸಲ, ಕಾಲು ಗಂಟೆ ಕಾಲು ಗಂಟೆಗೆ ಒಂದರಂತೆ. ಆರು ಸಲವೂ ನನ್ನ ದುಭಾಷಿ ಹಳೆಯ ಜಾಗವನ್ನೇ ಹೇಳಿದ್ದ. ಮೂರನೇ ಗುರುವಾರ ಯಾರೂ ಕೇಳಿರಲಿಲ್ಲ. ಆಮೇಲೂ ಇಲ್ಲ.

ಸಾವಂತ್ರಮ್ಮನೇ, ಇನ್ಯಾರು? ಅಂಥ ಬಿಸಿಲಲ್ಲಿ ಯಾವುದೋ ಬೀದಿಯಲ್ಲಿ ನಿಂತು ನಾಲ್ಕು ಸಲ ಕೇಳಿದ್ದಾಳೆ. ಈಗ ಸರಿಯಾದ ಉತ್ತರ ಸಿದ್ಧವಿದೆ, ಕೇಳುವುದನ್ನು ಅವಳು ಬಿಟ್ಟಿದ್ದಾಳೆ.

ಮರುದಿನ ಹಾಲಪ್ಪನವರಿಗೆ ಎಲ್ಲ ಹೇಳಿದೆ. "ಎರಡು ಸಾಲಿಗೋಸ್ಕರ ಆರುನೂರು ಮನೆ ನೆಂಟರು ಬೀದಿ ಅಲೆದರಾ?" ಎಂದರು. ಸೂಚನಾ ಹಲಗೆಯ ಮೇಲೆ ನನ್ನ ಹೆಸರು ಹಾಕಿ ತಪ್ಪೊಪ್ಪಿಗೆ ಬರೆಯಿರಿ ಎಂದೆ. ಅವರು "ಕಾರಣಾಂತರಗಳಿಂದ ಉಂಟಾದ ಅಡಚಣೆಗೆ ವಿಷಾದಿಸುತ್ತೇವೆ" ಎಂದು ಬರೆಸಿದರು. ಅದನ್ನು ಓದಿ ಯಾರಿಗೆ ಏನು ತಿಳಿಯಬೇಕು?

ನಾನು ರಾಜೀನಾಮೆ ಪತ್ರ ಮುಂದಿಟ್ಟೆ.

"ಅಯ್ಯೋ, ತಪ್ಪು ಸರಿ ಮಾಡಿದಿರಲ್ಲ. ಯಾರು ನಿಮ್ಮನ್ನ ಬೈದರು ಈಗ?"

"ಬೈದರು ಅಂತಲ್ಲ ಸ್ವಾಮಿ. ನನಗೆ ಒಂದು ಮನೆ ಕೇಳಬೇಕಾಗಿದೆ."

ಹಾಲಪ್ಪನವರು ಕನ್ನಡಕ ತೆಗೆದರು. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಯಾವ ಮನೆ ಅಂತ ಹೇಳಿ. ನಾನೇ ನೋಡಿ ಹೇಳ್ತೀನಿ. ಯಾರಿಗೆ ಗೊತ್ತಾಗುತ್ತೆ?"

"ನೀವೂ ಪ್ರಮಾಣ ಮಾಡಿದ್ದೀರಲ್ಲ."

"ಅದು ಸರಿ. ಆದರೆ ದೇವೀರಮ್ಮ, ಒಂದು ಸಲ ಹೊರಗೆ ಹೋದವರನ್ನ ಮತ್ತೆ ಒಳಗೆ ತಗೊಳ್ಳೋ ಹಾಗಿಲ್ಲ. ಒಂದೂವರೆ ವರ್ಷ ಕೂತು ಕಟ್ಟಿದ್ದೀರಿ. ನಾಳೆಯಿಂದ ಅದನ್ನ ಮುಟ್ಟೋಕೂ ಆಗಲ್ಲ ನಿಮಗೆ. ಮನೇಲಿ ಒಬ್ಬರೇ ಕೂತು ಏನು ಮಾಡ್ತೀರಿ?"

 ಪತ್ರವನ್ನು ಇನ್ನೊಂದು ಸ್ವಲ್ಪ ಮುಂದಕ್ಕೆ ತಳ್ಳಿದೆ. ಮುಂದೆ ವ್ಯವಸ್ಥೆ ನೋಡಿಕೊಳ್ಳಲು ಒಪ್ಪಿದ ಜಿನದತ್ತ ಮೇಷ್ಟ್ರಿಗೆ ಎರಡು ದಿನ ಕೂತು ಎಲ್ಲವನ್ನೂ ಒಪ್ಪಿಸಿದೆ, ಈ ಸಲ ಒಂದು ಸಾಲೂ ಬಿಡದೆ ತೋರಿಸಿದೆ. ಅವರು ಸೆಷನ್ನಿನ ಸಾಲು ನೋಡಿ, "ನನಗೆ ಮೊದಲೇ ತೋರಿಸಬಾರದಿತ್ತೇನಮ್ಮ" ಎಂದರು, ಅಷ್ಟೇ.

ಬುಧವಾರ ಸಂಜೆ ಬಿಡುಗಡೆಯ ಚೀಟಿ ಕೈಗೆ ಬಂತು. ಗುರುವಾರ ಮಧ್ಯಾಹ್ನ ನನ್ನ ಮನೆಯ ಹೊಸ್ತಿಲಲ್ಲಿ ಕೂತು, ಊರಿನ ಯಾವ ಹೆಂಗಸೂ ಕೇಳುವ ಹಾಗೆ ಮೊಬೈಲಿನಲ್ಲಿ ಕೇಳಿದೆ: ಸಾವಂತ್ರಮ್ಮನ ಮನೆ ಎಲ್ಲಿದೆ? ಒಳಗೆ ಈಗ ಏನಾಗುತ್ತಿದೆ ಎಂದು ನನಗೆ ಗೊತ್ತು. ಸೆಷನ್ ತೆರೆಯಿತು. ದುಭಾಷಿ ಎದ್ದು ಹೋದ, ಸಾಲನ್ನು ನೋಡಿದ, ಬಂದ. ಮುಚ್ಚಿತು. ಎಣ್ಣೆಗಾಣದ ಓಣಿ, ಒಂಬತ್ತು.

ನನ್ನ ಮನೆಯಿಂದ ಎರಡು ಓಣಿ ಆಚೆ. ಇಡೀ ತಿಂಗಳು ಅವಳು ಅಲ್ಲಿದ್ದಳು.

ಬಾಗಿಲು ತಟ್ಟಿದೆ. ತೆಗೆದವಳ ಹೆಗಲ ಮೇಲೆ ಟವೆಲಿತ್ತು, ಕೈಯಲ್ಲಿ ಹರಳೆಣ್ಣೆ ಬಾಟಲಿ, ಎಲ್ಲಿಗೋ ಹೊರಟಿದ್ದಳು. ನನ್ನನ್ನು ನೋಡಿ ದಾರಿ ಬಿಡಲಿಲ್ಲ.

"ಕಚೇರಿಯವರು ಮನೆ ಹುಡುಕಿಕೊಂಡು ಬರೋ ಹಾಗಿಲ್ಲವಲ್ಲ?" ಎಂದಳು. ಮೂವತ್ತೊಂಬತ್ತು ವರ್ಷದಲ್ಲಿ ಅವಳ ಬಾಯಲ್ಲಿ "ನೀನು" ಇಲ್ಲದ ಮಾತು ಅದೇ ಮೊದಲು.

"ಕೆಲಸ ಬಿಟ್ಟು ಬಂದೆ."

"ಯಾಕೆ?"

"ನಿನ್ನ ಮನೆ ಕೇಳೋಕೆ."

ಅವಳು ಬಾಟಲಿಯನ್ನು ಈ ಕೈಯಿಂದ ಆ ಕೈಗೆ ತೆಗೆದುಕೊಂಡಳು. "ಎರಡು ಗುರುವಾರ ಬಂದೆ ಕಣೆ ನಾನು. ಅದು ಹೇಳಿದ ಜಾಗದಲ್ಲಿ ಬೇರೆ ಯಾರದೋ ಮನೆ. ಯಂತ್ರ ಕೆಟ್ಟಿದೆ ಅಂದುಕೊಂಡೆ. ನಮ್ಮ ಚಿಕ್ಕಮ್ಮನ ಮಗನ ಮನೆ ಕೇಳಿ ನೋಡಿದೆ, ಸರಿಯಾಗಿ ಹೇಳ್ತು. ಹಳೇ ಅಗಸರ ಮನೆ ಕೇಳಿದೆ, ಸರಿ. ನಿನ್ನದೊಂದೇ ತಪ್ಪು. ಅದನ್ನ ಮಾಡಿದೋಳು ಯಾರು? ನೀನು. ಬರಬೇಡ ಅಂತ ಬಾಯಿಬಿಟ್ಟು ಹೇಳೋಕೆ ಆಗದೆ ಹೀಗೆ ಮಾಡಿದಳು ಅಂದುಕೊಂಡೆ."

ನಾನು ಹೊಸ್ತಿಲ ಆಚೆ ನಿಂತೇ ಎಲ್ಲ ಹೇಳಿದೆ. ಸೆಷನ್, ಮಡಿಲು, ಟೇಬಲ್ಲು ಎಲ್ಲ. ಮೊದಲೇ ಕೇಳಿದ್ದ ಮನೆಗಳು ಮಾತ್ರ ತಪ್ಪಿದವು ಎಂದೆ. "ನನ್ನ ಮನೆ ಕೇಳೋರು ನಿನ್ನ ಬಿಟ್ಟು ಇನ್ಯಾರಿದ್ದಾರೆ ಸಾವಂತ್ರಿ? ನೀನು ಆ ಮೂರು ಗುರುವಾರ ಕೇಳಿದ್ದಕ್ಕೇ ತಪ್ಪಾಗಿದ್ದು. ಕೇಳದೇ ಇದ್ದಿದ್ದರೆ ಸರಿಯಾಗಿ ಹೇಳಿರೋದು."

"ಅಂದರೆ ಕೇಳಿದ್ದು ನನ್ನ ತಪ್ಪಾ?"

"ನನ್ನ ತಪ್ಪು. ಮುಚ್ಚಬೇಕಾಗಿತ್ತು, ಮುಚ್ಚಲಿಲ್ಲ."

ಅವಳಿಗೆ ಎಷ್ಟು ಅರ್ಥವಾಯಿತೋ ತಿಳಿಯದು. ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಒಳಗೆ ಹೋದೆ. ಗೂಟದಲ್ಲಿ ಕೌದಿ ಮಡಿಸಿದ್ದು ಮಡಿಸಿದ ಹಾಗೇ ಇತ್ತು, ಪಕ್ಕದಲ್ಲಿ ಒಗೆದು ಒಣಗಿಸಿದ ಕೂಸಿನ ಬಟ್ಟೆಗಳು.

"ನಿನ್ನದು ಅಂತ ಬಾಗಿಲು ತಟ್ಟಿದೆನಲ್ಲ, ಅಲ್ಲಿ ಒಬ್ಬಳು ಹಸಿ ಬಾಣಂತಿ" ಎಂದಳು ಸಾವಂತ್ರಮ್ಮ. "ರಜಿಯಾ ಅಂತ. ಹಿರಿಯರು ಯಾರೂ ಇಲ್ಲ, ಗಂಡನಿಗೆ ಪೇಟೆಯಲ್ಲಿ ಕೆಲಸ. ಕೂಸನ್ನ ಹೇಗೆ ಎತ್ತಬೇಕು ಅಂತಲೂ ಗೊತ್ತಿರಲಿಲ್ಲ ಅದಕ್ಕೆ. ಬಾಗಿಲು ತೆಗೆದವಳೇ ಅಳೋಕೆ ಶುರು ಮಾಡಿದಳು. ಕೂಸಿಗೆ ನೀರೆರೆದು ಬಂದೆ. ಈಗ ದಿನಾ ಹೋಗ್ತೀನಿ." ಟವೆಲನ್ನು ಹೆಗಲ ಮೇಲೆ ಸರಿಮಾಡಿಕೊಂಡು, "ಅಮಾವಾಸ್ಯೆ ಆದಮೇಲೆ ಅವಳ ಮನೆಯನ್ನೂ ಕೇಳಿಕೊಂಡು ಹೋಗಬೇಕು" ಎಂದಳು.

"ಸರಿಯಾಗಿ ಹೇಳುತ್ತೆ ಈಗ."

"ಹೇಳಲಿ." ಅವಳು ಚಪ್ಪಲಿ ಮೆಟ್ಟಿದಳು. "ನೀರು ಕಾಯಿಸಿಟ್ಟು ಕಾಯ್ತಿರ್ತಾಳೆ. ನಿಂತು ಮಾತಾಡೋ ಹಾಗಿಲ್ಲ."

"ನಾನೂ ಬರಲಾ?"

ಅವಳು ಯೋಚಿಸಿದಳು. ಹಿಂದೆ ಆಗಿದ್ದರೆ ಯೋಚಿಸುತ್ತಿರಲಿಲ್ಲ. "ಬಾಣಂತಿ ಕೋಣೆ ಕಣೆ. ಅವಳನ್ನ ಒಂದು ಮಾತು ಕೇಳದೆ ಹೊಸಬರನ್ನ ಕರಕೊಂಡು ಹೋಗೋದು ಚೆನ್ನಾಗಿರಲ್ಲ. ಕೇಳಿ ನೋಡ್ತೀನಿ." ಬೀದಿಗಿಳಿದವಳು ತಿರುಗಿದಳು. "ಇಲ್ಲೇ ಕೂತಿರೋದಾದರೆ ಕೂತಿರು. ಬೀಗ ಹಾಕಲ್ಲ. ಆ ಡಬ್ಬಿಯಲ್ಲಿ ಚುರುಮುರಿ ಇದೆ."

ಅವಳ ಹೆಜ್ಜೆ ಸದ್ದು ಓಣಿಯ ತಿರುವಿನವರೆಗೆ ಕೇಳಿಸಿತು. ಆಮೇಲೆ ಎಲ್ಲೋ ಗೋಡೆಯಾಚೆ ಯಾರೋ ಪಾತ್ರೆ ತೊಳೆಯುವ ಸದ್ದು, ಅದೂ ನಿಂತಿತು. ನಾನು ಗೋಡೆಗೆ ಒರಗಿ ಕೂತೆ. ಅವಳ ಮನೆಯಲ್ಲಿ ಅವಳಿಲ್ಲದೆ ಕೂತದ್ದು ಇದೇ ಮೊದಲು. ಎದ್ದು ಹೋಗಿಬಿಡೋಣ ಎಂದು ಎರಡು ಸಲ ಅನ್ನಿಸಿತು, ಹೋಗಲಿಲ್ಲ. ಹೊತ್ತಾಗಲಿ, ಎಷ್ಟಾದರೂ ಆಗಲಿ. ಅವಳು ವಾಪಸು ಬರಬೇಕಾದ್ದು ಅವಳ ಮನೆಗೇ. ಆ ದಾರಿಯನ್ನು ಅವಳು ಯಾರನ್ನೂ ಕೇಳಬೇಕಾಗಿಲ್ಲ.